ಬಾವಿ ನೋಡಿ ಸಮುದ್ರ ಆರಿಸಿದವಳು

ಪಾಪಕ್ಕ ಮುದ್ದೆಯನ್ನು ನುಂಗುತ್ತಿದ್ದಳು, ನೀರನ್ನು ಅಗಿಯುತ್ತಿದ್ದಳು. ಮುದ್ದೆಯನ್ನು ನಾವೆಲ್ಲರೂ ನುಂಗುವವರೇ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಲೋಟದ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಅರ್ಧ ಮುಚ್ಚಿ, ಎಡದವಡೆಯಿಂದ ಬಲದವಡೆಗೆ ನಾಲ್ಕು ಸಲ ಹೊರಳಿಸಿ, ಆಮೇಲೆ ಗಂಟಲಿಗೆ ಬಿಡುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ನುಂಗಿದ ಮೇಲೆ ಒಂದು ಕ್ಷಣ ಸುಮ್ಮನಿರುವಳು. ಆಮೇಲೆ ತೀರ್ಪು. "ಇದು ಗುಡಿ ಬೀದಿ ಕೊಳಾಯಿದು." "ಇದು ಕೆರೆ ಪಕ್ಕದ ಬಾವೀದು, ಮಳೆ ಬಿದ್ದ ಮಾರ್ನೇ ದಿನ ಸೇದಿರೋದು." ಒಂದು ಸಲ ಯಾರಿಗೋ ಹೆಣ್ಣು ನೋಡಲು ಹೋದ ಮನೆಯಲ್ಲಿ ನೀರು ಕುಡಿದು, "ಹುಡುಗಿ ಚೆನ್ನಾಗವ್ಳೆ, ನೀರೇ ಸ್ವಲ್ಪ ಗಡಸು" ಎಂದುಬಿಟ್ಟಿದ್ದಳು. ಆ ಸಂಬಂಧ ಕೂಡಿಬಂದದ್ದು ದೇವರ ದಯೆ.

ನಾವಿದ್ದದ್ದು ಹಲಸೂರಿನಲ್ಲಿ, ಗುಡಿಯ ಹಿಂದಿನ ಗಲ್ಲಿಯಲ್ಲಿ. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ಎಸೆಯುವ ಕೆಲಸದಲ್ಲಿದ್ದ ತಮ್ಮ ಮುನಿಸ್ವಾಮಿಯ ಜೊತೆ ಬಾಳುತ್ತಿದ್ದಳು. ಪಾಪಕ್ಕ ಕುಳ್ಳಗಿನ ಆಳು, ಐವತ್ತು ದಾಟಿದ ವಯಸ್ಸು, ಚಪ್ಪಲಿ ಕಾಣದ ಪಾದ. ಇಡೀ ಗಲ್ಲಿಯಲ್ಲಿ ಎಲೆಯಡಿಕೆ ಹಾಕದ ಹೆಂಗಸು ಅವಳೊಬ್ಬಳೇ. ಹಾಕಿದರೆ ನಾಲಗೆ ಕೆಡುತ್ತದೆ ಎಂಬ ಭಯ. ಪೈಲ್ವಾನರು ತೋಳನ್ನು ಕಾಪಾಡಿಕೊಳ್ಳುವ ಹಾಗೆ ಅವಳು ನಾಲಗೆಯನ್ನು ಕಾಪಾಡಿಕೊಂಡಿದ್ದಳು.

ಕಾಕ್ಸ್‌ಟೌನಿನಲ್ಲಿ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಅವಳು ಅಡುಗೆಯವಳು. ಬೆಳಿಗ್ಗೆ ಬುಟ್ಟಿ ಹಿಡಿದು, ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಈಗಿನ ಶಿವಾಜಿನಗರದ ಮಾರುಕಟ್ಟೆಗೆ ಬರುವಳು. ಅಲ್ಲಿ ನಮ್ಮಪ್ಪನ ತರಕಾರಿ ಅಂಗಡಿ. ಅಪ್ಪ ಅವಳನ್ನು "ಅಕ್ಕ" ಎನ್ನುತ್ತಿದ್ದರು, ಆದರೆ ಅವಳು ಕೋಸುಗಡ್ಡೆಯನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿ ನೋಡುವಾಗ ಮುಖ ತಿರುಗಿಸುತ್ತಿದ್ದರು. ಗಿರಾಕಿಗಳ ಎದುರಿಗೇ "ಇದು ಮೊನ್ನೇದು ಅಣ್ಣ" ಎಂದುಬಿಡುತ್ತಿದ್ದಳಲ್ಲ, ಅದಕ್ಕೆ.

ಬೇಸಿಗೆ ಬಂತೆಂದರೆ ಬಂಗಲೆಯವರು ಸಮುದ್ರಕ್ಕೆ ಹೊರಡುವರು. ಮದರಾಸಿನವರು ತಂಪಿಗೆಂದು ಬೆಂಗಳೂರಿಗೆ ಓಡಿಬರುವ ಹೊತ್ತಿಗೆ ಇವರು ಬೆಂಗಳೂರು ಬಿಟ್ಟು ಬಿಸಿಲಿಗೆ ಓಡುತ್ತಿದ್ದರು. ಉಪ್ಪುನೀರಲ್ಲಿ ಮುಳುಗಿದರೆ ಮಕ್ಕಳ ಮೂಳೆ ಗಟ್ಟಿಯಾಗುತ್ತದಂತೆ. ಪಾತ್ರೆ, ಹಾಸಿಗೆ, ನಾಯಿ, ಪಾಪಕ್ಕ, ಎಲ್ಲವೂ ಜೊತೆಗೆ ಹೋಗಬೇಕು. ಹೀಗೆ ಅವಳು ಮೂಡಲ ಕಡಲು, ಪಡುವಲ ಕಡಲು ಎರಡರ ತೀರವನ್ನೂ ಕಂಡವಳು. ನಮ್ಮ ಗಲ್ಲಿಯ ಉಳಿದವರು ಕಂಡ ದೊಡ್ಡ ನೀರೆಂದರೆ ಹಲಸೂರು ಕೆರೆ.

ಒಂದು ವರ್ಷ ದೊರೆಸಾನಿ ಯಾವುದೋ ಬಣ್ಣದ ಪುಸ್ತಕ ನೋಡಿ ಊರು ಆರಿಸಿದಳಂತೆ. ಪಟದಲ್ಲಿ ತೆಂಗಿನ ಮರ, ಬಿಳಿ ಮರಳು, ಪಟ್ಟೆ ಪಟ್ಟೆ ಬಟ್ಟೆಯ ಕುರ್ಚಿ, ಅದರಲ್ಲಿ ಟೋಪಿ ಹಾಕಿಕೊಂಡು ಮಲಗಿದ ಹೆಂಗಸು. ಹೋಗಿ ನೋಡಿದರೆ ಎಲ್ಲವೂ ಪಟದಲ್ಲಿದ್ದಂತೆಯೇ ಇತ್ತು. ಆದರೆ ಬಾವಿಯ ನೀರು ಎಂಥದ್ದೆಂದರೆ, ಬೆಳಿಗ್ಗೆಯ ಚಹಾಕ್ಕೆ ಹಾಲು ಸುರಿದ ಕೂಡಲೇ ಒಡೆಯುವುದು. ಹತ್ತು ದಿನ ಒಡೆದ ಚಹಾ ಕುಡಿದು ದೊರೆಸಾನಿ ಅಳುತ್ತಾ ಗಂಟುಮೂಟೆ ಕಟ್ಟಿದಳು. ಮುಂದಿನ ವರ್ಷ ಅದೇ ಪುಸ್ತಕ ತಂದು ಪಾಪಕ್ಕನ ಮುಂದೆ ಹಿಡಿದು, ನೀನೇ ಹೇಳು ಎಂದಳಂತೆ. ಪಾಪಕ್ಕ ಹಾಳೆ ಹಾಳೆ ತಿರುವಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಈ ಪಟದಲ್ಲಿ ಬಾವಿ ಎಲ್ಲೈತೆ?"

ಇದನ್ನು ನಮಗೆ ಹೇಳುವಾಗ ಅವಳ ಮೂಗು ಹಿಗ್ಗುತ್ತಿತ್ತು. ಅವಳ ಸಿದ್ಧಾಂತ ಬಹಳ ಸರಳ. "ಸಮುದ್ರ ಎಲ್ಲಾ ಕಡೇನೂ ಒಂದೇ ಕಣವ್ವ, ಉಪ್ಪು ಅಂದ್ರೆ ಉಪ್ಪೇ. ಸಮುದ್ರದಲ್ಲಿ ದಿನಕ್ಕೆ ಅರ್ಧ ಗಂಟೆ ಇರ್ತೀಯ. ಮಿಕ್ಕಿದ್ದೆಲ್ಲಾ ಬಾವಿ ಜೊತೇಲೇ ಬಾಳ್ವೆ. ಗಂಡನ್ನ ನೋಡೋವಾಗ ಮೀಸೆ ನೋಡ್ಬ್ಯಾಡ, ಅವ್ನು ದಿನಾ ಮನೇಗ್ ಬತ್ತಾನಾ ನೋಡು. ಇದೂ ಹಂಗೇ."

ಅಂದಿನಿಂದ ಆರಿಸುವ ಕೆಲಸ ಅವಳದಾಯಿತು. ಅದಕ್ಕೆ ಅವಳು ಕಂಡುಕೊಂಡ ದಾರಿಯನ್ನು ಯಾವ ಪುಸ್ತಕದಲ್ಲೂ ಬರೆದಿರಲಾರರು. ಮುನಿಸ್ವಾಮಿಯ ಗಾಡಿ ಜೋಲಾರಪೇಟೆಯವರೆಗೆ. ಅಲ್ಲಿ ಎಲ್ಲ ದಿಕ್ಕಿನ ರೈಲಿನವರೂ ಇಳಿದು, ಉಂಡು, ಮಲಗುವ ಕೋಣೆ ಇತ್ತು. ಕಡಲ ಕಡೆಯಿಂದ ಬರುವ ಯಾರಾದರೂ ಸ್ನೇಹಿತರು ಊರಿನ ಬಾವಿಯಿಂದ ಒಂದು ಬಾಟಲಿ ನೀರು ತಂದು ಅಲ್ಲಿ ಕೊಡುವರು. ಅದನ್ನು ಮುನಿಸ್ವಾಮಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ತರುವನು. ಪಾಪಕ್ಕನಿಗೆ ಓದು ಬಾರದು, ಆದ್ದರಿಂದ ಬಾಟಲಿಯ ಕೊರಳಿಗೆ ಬಣ್ಣದ ದಾರ. ಹಿತ್ತಿಲಲ್ಲಿ ಇಟ್ಟಿಗೆಯ ಒಲೆಗಳು, ಒಂದೇ ಅಳತೆಯ ಮಡಕೆಗಳು, ಒಂದೇ ಲೆಕ್ಕದ ಸೌದೆ. ಪ್ರತಿ ನೀರಿನಲ್ಲೂ ಒಂದು ಹಿಡಿ ತೊಗರಿಬೇಳೆ ಬೇಯಿಸುವಳು. ಯಾವ ನೀರಲ್ಲಿ ಬೇಳೆ ಮೊದಲು ಒಡೆದು ಕರಗುತ್ತದೋ ಆ ಊರಿಗೆ ಬಂಗಲೆಯವರು ಹೊರಡುವರು. ಬೆಂದದ್ದನ್ನೆಲ್ಲ ಒಟ್ಟು ಸುರಿದು ಸಾರು ಮಾಡಿ ನಮಗೂ ಒಂದು ಪಾತ್ರೆ ಕೊಡುತ್ತಿದ್ದಳು. ಸಮುದ್ರ ಕಾಣುವ ಮೊದಲೇ ನಾನು ನಾಲ್ಕಾರು ಸಮುದ್ರದೂರುಗಳ ಸಾರು ಉಂಡವಳು.

ನಮಗೇ ಅವಳ ಬಾಟಲಿಗಳು ಬೇಕಾಗುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಯುದ್ಧ ಮುಗಿದ ಮರುವರ್ಷ ನಮ್ಮ ಮನೆಗೆ ವಿಷಮಶೀತಜ್ವರ ಹೊಕ್ಕಿತು. ಅಮ್ಮ ಮಲಗಿದಳು, ಹಿಂದೆಯೇ ನನ್ನ ತಮ್ಮ. ಅವನಿಗೆ ಐದು ವರ್ಷ. ಅಮ್ಮ ಉಳಿದಳು, ಅವನು ಉಳಿಯಲಿಲ್ಲ. ಜ್ವರ ಬಿಟ್ಟ ಮೇಲೆ ಅಮ್ಮನಿಗೆ ಇದನ್ನು ಹೇಳಬೇಕಾಯಿತು. ಕೇಳಿ ಅವಳು ಅಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ಅವಳಿಗೆ ತುತ್ತು ಇಳಿಯದು. ಡಾಕ್ಟರು ಗಟ್ಟಿ ಆಹಾರ ಬೇಡ, ನುಣ್ಣಗೆ ಬೆಂದ ಬೇಳೆ, ಮೆತ್ತನೆ ಅನ್ನ ಎಂದಿದ್ದರು. ಬೇಳೆ ಒಂದು ಚೂರು ಹಲ್ಲಿಗೆ ಸಿಕ್ಕರೂ ಸಾಕು, ತಟ್ಟೆ ತಳ್ಳುವಳು. ತಿಂಗಳೊಳಗೆ ಅವಳ ಬಳೆಗಳು ಮೊಣಕೈವರೆಗೆ ಏರತೊಡಗಿದವು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಈ ಮನೆಯಿಂದ ಅವರನ್ನು ಒಂದು ತಿಂಗಳು ಬಿಡಿಸಿ, ಸಮುದ್ರದ ಗಾಳಿಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ನಾನೇನೂ ಹೇಳಲಾರೆ ಎಂದರು. ನನಗೆ ಆಗ ಹದಿನೇಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಅಪ್ಪ ಮಾರುಕಟ್ಟೆಯಲ್ಲೆಲ್ಲ ವಿಚಾರಿಸಿದರು. ಕೇಳಿದಷ್ಟೂ ಊರು ಹೆಚ್ಚಿತು. ಪಕ್ಕದ ಹಣ್ಣಿನಂಗಡಿಯ ರಹಮಾನ್ ಸಾಹೇಬರು, "ಪಡುವಲ ಕಡೆ ಹೋಗಿ ಭಾಯ್, ಕಣ್ಣಾನೂರು. ನಮ್ಮ ಸಾಲಾ, ಬೀಬಿ ತಮ್ಮ, ಅಲ್ಲಿ ಇದ್ದ. ಹವಾ ಅಂದ್ರೆ ಹವಾ" ಎಂದರು. ಮತ್ತೊಬ್ಬರು ಮದರಾಸಿನ ಪಕ್ಕದ ಎಣ್ಣೂರು ಎಂದರು. ಕಡಲೂರಿನಾಚೆಯ ಒಂದು ಸಣ್ಣ ಊರಿನಲ್ಲಿ ಬಾಡಿಗೆಗೆ ಒಳ್ಳೆಯ ಮನೆಯಿದೆ ಎಂದು ಮೂರನೆಯವರು ಸೇರಿಸಿದರು. ಆ ಊರಿನ ಹೆಸರು ಬೇಡ. ಅಲ್ಲಿಯವರು ಯಾರಾದರೂ ಓದಿ ನನ್ನ ಮೇಲೆ ಜಗಳಕ್ಕೆ ಬಂದಾರು. ಅಪ್ಪ ಸಂಜೆ ಪಾಪಕ್ಕನ ಜಗಲಿಯ ಮೇಲೆ ಕುಳಿತು, "ನನಗೆ ತಲೆ ಓಡ್ತಿಲ್ಲ ಅಕ್ಕ. ನೀನೇ ಹೇಳು, ನೀನು ಹೇಳಿದ ಊರಿಗೆ ಹೋಗ್ತೀವಿ" ಎಂದರು.

ಪಾಪಕ್ಕ, "ಮೂರೂ ಊರ ನೀರು ತರಿಸ್ತೀನಿ. ಬೇಳೆ ಬೇಯೋ ನೀರು ಸಿಕ್ರೆ ಲಕ್ಷ್ಮಮ್ಮ ಉಣ್ತಾರೆ. ಈ ಸಲ ಬಂಗ್ಲೆಗೆ ರಜಾ ಹೇಳಿ ನಾನೇ ಜೊತೇಗ್ ಬತ್ತೀನಿ" ಎಂದಳು.

ಎಂಟು ದಿನದಲ್ಲಿ ಮೂರು ಬಾಟಲಿ ಬಂದವು. ಎಣ್ಣೂರಿಗೆ ಕೆಂಪು ದಾರ, ಕಣ್ಣಾನೂರಿಗೆ ಬಿಳಿ, ಹೆಸರು ಹೇಳದ ಊರಿಗೆ ಹಳದಿ. ಪಾಪಕ್ಕ ನಮ್ಮ ಹಿತ್ತಿಲಲ್ಲೇ ಮೂರು ಒಲೆ ಹೂಡಿದಳು. ಮೊದಲು ಒಂದೊಂದೇ ಗುಟುಕು ಅಗಿದಳು. ಕೆಂಪಿಗೆ ಮುಖ ಕಿವಿಚಿದಳು. ಬಿಳಿಗೆ ತಲೆದೂಗಿದಳು. ಹಳದಿಯನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಹಾಗೆಯೇ ಕುಳಿತಳು.

"ಇದು ನಂಗೆ ಗುರ್ತಿರೋ ನೀರು. ಬಾಳಾ ಚೆನ್ನಾಗಿ ಗೊತ್ತು. ಆ ಕಡೆ ಒಂದ್ಸಲ ಬಂಗ್ಲೆಯವರ ಜೊತೆ ಹೋಗಿದ್ನಲ್ಲ, ಅಲ್ಲೇ ಎಲ್ಲೋ ಕುಡ್ದಿರ್ಬೇಕು. ನಾಲ್ಗೆ ಮರ್ತಿಲ್ಲ ನೋಡು" ಎಂದಳು.

ಹಳದಿ ದಾರದ ನೀರಲ್ಲಿ ಬೇಳೆ ಬೆಣ್ಣೆಯಂತೆ ಕರಗಿತು. ಬಿಳಿಯದ್ದು ಬೆಂದರೂ ಸ್ವಲ್ಪ ತಡ. ಕೆಂಪಿನದ್ದು ಸೌದೆ ಮುಗಿದರೂ ಕಾಳು ಕಾಳಾಗಿಯೇ ಕುಣಿಯುತ್ತಿತ್ತು. ಅಪ್ಪನಿಗೆ ಒಳಗೊಳಗೆ ಕಣ್ಣಾನೂರಿನ ಮೇಲೆ ಆಸೆಯಿತ್ತು, ರಹಮಾನ್ ಸಾಹೇಬರ ಮಾತೆಂದರೆ ಅವರಿಗೆ ಭಾರ. ಪಾಪಕ್ಕ ಸೌಟಿನಲ್ಲಿ ಬೇಳೆ ಎತ್ತಿ ತೋರಿಸಿದಳು. ಅದು ಸೌಟಿನಿಂದ ಹಾಲಿನಂತೆ ಇಳಿಯಿತು. ಅಪ್ಪ ಮರುಮಾತಾಡದೆ ಆ ಊರಿಗೆ ಕಾಗದ ಬರೆದು ಮನೆ ಗೊತ್ತುಮಾಡಿದರು. ಬಂಗಲೆಯಲ್ಲಿ ದನದ ಮಾಂಸ ಮುಟ್ಟುವ ಕೈಯಿಂದ ಇವರು ಉಣ್ಣುವರಂತೆ ಎಂದು ಗಲ್ಲಿಯಲ್ಲಿ ಕೆಲವರು ಆಡಿಕೊಂಡರು. ಅಮ್ಮನಿಗೆ ಅದು ಕೇಳಿಸಿತೋ ಇಲ್ಲವೋ, ಅವಳಿಗೆ ಯಾರ ಕೈಯ ಅನ್ನವೂ ಬೇಕಿರಲಿಲ್ಲ.

ಅಪ್ಪ ನಮ್ಮನ್ನು ಕರೆದೊಯ್ದು ಬಿಟ್ಟು ಮಾರನೆಯ ದಿನವೇ ಅಂಗಡಿಗೆ ಮರಳುವುದೆಂದು ಏರ್ಪಾಡು. ಕಾಟ್ಪಾಡಿಯಲ್ಲಿ ರೈಲು ಬದಲಾಯಿಸಿ, ಕಡಲೂರಿನಿಂದ ಎತ್ತಿನ ಗಾಡಿಯಲ್ಲಿ ಹೋದೆವು. ಹೆಂಚಿನ ಮನೆ, ಮುಂದೆ ಅಗಲವಾದ ಜಗಲಿ, ಜಗಲಿಯಾಚೆ ಮರಳು, ಮರಳಿನಾಚೆ ಸಮುದ್ರ. ನಾನು ಮೊದಲ ಸಲ ಕಂಡೆ. ಕಂಡು ನನಗೆ ಸಂತೋಷವಾಗಲಿಲ್ಲ. ಇಷ್ಟೊಂದು ನೀರನ್ನು ತಮ್ಮ ನೋಡಲಿಲ್ಲವಲ್ಲ ಎನ್ನಿಸಿ ದುಃಖ ಉಕ್ಕಿತು. ಅಮ್ಮ ಜಗಲಿಯ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಳು.

ಪಾಪಕ್ಕ ಗಂಟು ಇಳಿಸುವ ಮೊದಲೇ ಹಿತ್ತಿಲಿಗೆ ನಡೆದಳು. ನಾನೂ ಹಿಂದೆಯೇ ಹೋದೆ. ಸೇದಿದಳು, ಬೊಗಸೆಯಲ್ಲಿ ಎತ್ತಿಕೊಂಡಳು, ಅಗಿದಳು. ಎಂದಿಗಿಂತ ಹೆಚ್ಚು ಹೊತ್ತು ಅಗಿದಳು. ಆಮೇಲೆ ನುಂಗದೆ ಬದಿಗೆ ಉಗಿದಳು.

"ಹೇಗಿದೆ ಪಾಪಕ್ಕ?" ಎಂದೆ.

ಅವಳು ನನ್ನ ತಲೆಯ ಮೇಲಿಂದ ಎತ್ತಲೋ ನೋಡುತ್ತಾ, "ಸಮುದ್ರ ಚೆನ್ನಾಗೈತೆ" ಎಂದಳು.

ಅವಳ ಬಾಯಲ್ಲಿ ಸಮುದ್ರದ ಹೊಗಳಿಕೆ ನಾನು ಕೇಳಿದ್ದು ಅದೇ ಮೊದಲು. ಆಗಲೇ ನನಗೆ ತಿಳಿಯಬೇಕಿತ್ತು. ಪೆದ್ದಿ, ತಿಳಿಯಲಿಲ್ಲ.

ಅಂದು ಬೇಳೆ ಎರಡು ಗಂಟೆ ಬೆಂದಿತು. ಅಮ್ಮ ಎರಡು ತುತ್ತಿಗೆ ತಟ್ಟೆ ತಳ್ಳಿದಳು. ಮಾರನೆಯ ಬೆಳಿಗ್ಗೆ ಅಪ್ಪ ಹೊರಟುಹೋದರು. ಅದರ ಮಾರನೆಯ ದಿನ ನಾನು ಎದ್ದಾಗ ಪಾಪಕ್ಕ ಮನೆಯಲ್ಲಿರಲಿಲ್ಲ. ಬಿಸಿಲೇರಿದ ಮೇಲೆ ಬಂದಳು, ಸೊಂಟದ ಮೇಲೆ ಕೊಡ. ಎಲ್ಲಿಗೆ ಹೋಗಿದ್ದೆ ಎಂದರೆ, "ಹಾಲು ಎಲ್ಲಿ ಸಿಗುತ್ತೆ ಅಂತ ನೋಡ್ಕೊಂಡ್ ಬಂದೆ" ಎಂದಳು. ಹಾಲು ತಂದಿರಲಿಲ್ಲ. ಆದರೆ ಅಂದು ಬೇಳೆ ಕರಗಿತು. ಅಂದಿನಿಂದ ಅದೇ ಪಾಠ. ಬೆಳಕು ಹರಿಯುವಾಗ ಮಾಯ, ಬಿಸಿಲೇರಿದಾಗ ಪ್ರತ್ಯಕ್ಷ. ಬೇಳೆಯ ಒಲೆಯ ಹತ್ತಿರ ನನ್ನನ್ನು ಬಿಡುತ್ತಲೇ ಇರಲಿಲ್ಲ. ಪಾತ್ರೆ ತೊಳೆಯುವುದು, ಮೀಯುವುದು ಎಲ್ಲ ಹಿತ್ತಿಲ ಬಾವಿಯಲ್ಲಿ. ಮೂಲೆಯ ಕೊಡಕ್ಕೆ ಮಾತ್ರ ಯಾರೂ ಕೈ ಹಾಕುವಂತಿಲ್ಲ.

ಆರನೆಯ ದಿನ ನಾನು ಸದ್ದಿಲ್ಲದೆ ಹಿಂಬಾಲಿಸಿದೆ. ಮೀನುಗಾರರ ಗುಡಿಸಲು ದಾಟಿ, ಗಾಳಿಮರದ ತೋಪು ದಾಟಿ, ಒಣಗಿದ ಉಪ್ಪಿನ ಪಾತಿಗಳ ಬದುವಿನ ಮೇಲೆ ಅವಳು ನಡೆದಳು. ಒಂದೂವರೆ ಮೈಲಿಗೆ ಕಡಿಮೆಯಿಲ್ಲ. ಕೊನೆಗೆ ನೇಕಾರರ ಒಂದು ಕೇರಿ, ಬೇವಿನ ಮರದ ಕೆಳಗೆ ಬಾವಿ. ಪಾಪಕ್ಕ ಅಲ್ಲಿ ಕುಳಿತಿದ್ದ ಮುದುಕಿಗೆ ಸೆರಗಿನ ಗಂಟು ಬಿಚ್ಚಿ ಎಲೆಯಡಿಕೆ ಕೊಟ್ಟಳು. ಮುದುಕಿ ಎದ್ದು ಸೇದಿ ಕೊಡಕ್ಕೆ ಸುರಿದಳು. ಅವರ ಬಾವಿಯನ್ನು ಹೊರಗಿನವರು ಮುಟ್ಟುವಂತಿರಲಿಲ್ಲ. ತಾನು ಎಂದೂ ಬಾಯಿಗೆ ಹಾಕದ ಎಲೆಯಡಿಕೆಯನ್ನು ಪಾಪಕ್ಕ ದಿನಾ ಗಂಟು ಕಟ್ಟಿಕೊಂಡು ಬರುತ್ತಿದ್ದಳು.

ನನ್ನನ್ನು ನೋಡಿ ಅವಳು ಬೆಚ್ಚಲಿಲ್ಲ. ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ಮನೆ ಬಾವಿ ನೀರು ಚೆನ್ನಾಗಿಲ್ವಾ?" ಎಂದೆ.

"ಪಾತ್ರೆ ತೊಳೀಬೋದು."

"ಮತ್ತೆ ಬೆಂಗಳೂರಲ್ಲಿ ಬೇಳೆ ಬೆಂತಲ್ಲ?"

"ಅದು ಈ ಊರ ನೀರಲ್ಲ ಸರೋಜಾ. ಬಂದ ದಿನಾನೇ ಗೊತ್ತಾಯ್ತು. ಯಾವೂರ್ದೋ ಏನೋ. ಮುನಿಸ್ವಾಮಿ ಸಿಗ್ಲಿ, ಇದೆ ಅವ್ನಿಗೆ."

"ಅಪ್ಪಂಗೆ ಕಾಗ್ದ ಬರೀತೀನಿ. ವಾಪಸ್ ಹೋಗೋಣ, ಇಲ್ಲಾ ಕಣ್ಣಾನೂರಿಗೆ ಹೋಗೋಣ."

ಅವಳು ನನ್ನ ಕೈ ಹಿಡಿದುಕೊಂಡಳು. ಒರಟು ಕೈ, ಬೆವರಿತ್ತು. "ಬರೀಬ್ಯಾಡ. ನಿಮ್ಮಮ್ಮ ನಿನ್ನೆ ನಾಕು ತುತ್ತು ಉಂಡವ್ರೆ, ಕಂಡ್ಯಾ? ಪಾಪಕ್ಕ ಆರಿಸಿದ ನೀರು ಅಂತ ನಂಬಿ ಉಣ್ತಾವ್ರೆ. ಈಗ ನೀರು ತಪ್ಪಾಯ್ತು ಅಂತ ಗೊತ್ತಾದ್ರೆ ತಟ್ಟೆ ಮುಟ್ಟಕಿಲ್ಲ. ಇನ್ನೊಂದು ಪಯಣ ತಡ್ಯೋ ಮೈ ಅಲ್ಲ ಅದು. ಬಾಯಿ ಆರಿಸ್ತು, ಸೊಂಟ ಹೊರ್ಲಿ ಬಿಡು. ನಿಮ್ಮಪ್ಪ ನನ್ ಮಾತಿನ್ ಮ್ಯಾಲೆ ಬಂದೋರು. ನಿಮ್ಮಮ್ಮಂಗೇನಾದ್ರೂ ಆದ್ರೆ ನಾನು ಯಾವ್ ಮುಖ ಇಟ್ಕೊಂಡು ಆ ಗಲ್ಲೀಲಿ ಓಡಾಡ್ಲಿ?"

ಹೇಳುವಾಗ ಅವಳ ದನಿ ಒಡೆಯಿತು. ಪಾಪಕ್ಕನೂ ಹೆದರುವವಳು ಎಂದು ನನಗೆ ಅಂದೇ ತಿಳಿದದ್ದು. ಕೊಡ ನಾನು ಹೊರುತ್ತೇನೆಂದು ಹಟ ಹಿಡಿದೆ. ಗಾಳಿಮರದ ತೋಪಿನವರೆಗೆ ಮಾತ್ರ ಎಂದು ಒಪ್ಪಂದವಾಯಿತು. ತೋಪು ದಾಟಿದರೆ ಜಗಲಿಗೆ ಕಾಣುತ್ತದೆ. ಅಂದಿನಿಂದ ಅವಳ ಹಿಂದೆಯೇ ಎದ್ದು ಹೋಗುವುದು ನನ್ನ ಕೆಲಸವಾಯಿತು. ದಾರಿಯುದ್ದಕ್ಕೂ ಅವಳ ಪುರಾಣ. ಬಂಗಲೆಯ ನಾಯಿ ಸಮುದ್ರ ಕಂಡು ಬೊಗಳಿದ್ದು, ದೊರೆ ಈಜಲು ಹೋಗಿ ಏಡಿ ಕಚ್ಚಿಸಿಕೊಂಡು ಕುಂಟುತ್ತಾ ಬಂದದ್ದು. ನಾನು ನಕ್ಕರೆ ಕೊಡ ತುಳುಕುವುದು. "ನಗು, ಚೆಲ್ಬ್ಯಾಡ" ಎನ್ನುವಳು.

ಅಮ್ಮ ಉಂಡಳು. ಅದನ್ನು ಹೇಗೆ ಹೇಳಲಿ? ಎರಡು ತುತ್ತು ನಾಲ್ಕಾಯಿತು, ನಾಲ್ಕು ಹತ್ತಾಯಿತು. ಊಟಕ್ಕೆ ಕರೆದರೆ ಮೊದಲು "ಪಾಪಕ್ಕ ಬಂದ್ಲಾ?" ಎಂದು ಕೇಳುವಳು. ಬಂದು, ಕಾಲು ತೊಳೆದು, ಸ್ವಲ್ಪ ಕುಳಿತ ಮೇಲೆಯೇ ತಟ್ಟೆಯ ಮುಂದೆ ಕೂರುವಳು. ಕಾಯಿಲೆಯವರ ಛಲ ಎಂದುಕೊಂಡೆ. ಎರಡನೆಯ ವಾರ ಅಮ್ಮ ಜಗಲಿಯ ಮೇಲೆ ಸಮುದ್ರದ ಕಡೆ ತಿರುಗಿ ಕುಳಿತಳು. ಮೂರನೆಯ ವಾರ ನನ್ನ ತೋಳು ಹಿಡಿದು ಅಲೆಯವರೆಗೆ ಬಂದಳು. ಪಾದ ತೋಯಿತು. ಅಲ್ಲಿ ನಿಂತು, ಜ್ವರ ಬಿಟ್ಟ ಮೇಲೆ ಮೊದಲ ಸಲ, ತಮ್ಮನ ಹೆಸರು ಹಿಡಿದು ಅತ್ತಳು. ನಾನೂ ಅತ್ತೆ. ಪಾಪಕ್ಕ ಸ್ವಲ್ಪ ದೂರದಲ್ಲಿ ಮರಳ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದಳು, ಹತ್ತಿರ ಬರಲಿಲ್ಲ. ಅಂದು ಮಧ್ಯಾಹ್ನ ಅಮ್ಮ ತಾನಾಗಿಯೇ ಇನ್ನೊಂದು ಸೌಟು ಬೇಳೆ ಹಾಕಿಸಿಕೊಂಡಳು.

ತಿಂಗಳು ತುಂಬಿದಾಗ ಅಪ್ಪ ಬಂದರು. ಅಮ್ಮನ ಕೆನ್ನೆ ನೋಡಿ, ಪಾಪಕ್ಕನ ಕಡೆ ತಿರುಗಿ ಕೈಮುಗಿದರು. ಅವಳು ಏನೋ ನೆನಪಾದವಳಂತೆ ಒಳಗೆ ಹೋದಳು.

ಮರಳುವಾಗ ಕೃಷ್ಣರಾಜಪುರದಲ್ಲಿ ಗಾಡಿ ಸುಮ್ಮನೆ ನಿಂತಿತು. ಮುಂದೆ ಯಾವುದೋ ಗಾಡಿಗೆ ದಾರಿ ಬಿಡಬೇಕಿತ್ತಂತೆ. ಬೆಳಗಿನ ಹೊತ್ತು, ಇನ್ನರ್ಧ ಗಂಟೆಗೆ ಮನೆ. ಅಪ್ಪ ಇಳಿದು ಕೂಜದಲ್ಲಿ ನೀರು ಹಿಡಿದು ತಂದು ಎಲ್ಲರಿಗೂ ಕೊಟ್ಟರು. ಪಾಪಕ್ಕ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಅವಳ ದವಡೆ ಎರಡು ಸಲ ಆಡಿ ನಿಂತುಹೋಯಿತು. ಕಣ್ಣು ಪೂರಾ ತೆರೆಯಿತು. ನುಂಗಿದಳು.

"ಇದ್ಯಾವ್ ಸ್ಟೇಷನ್ನು ಅಣ್ಣ?"

"ಕೃಷ್ಣರಾಜಪುರ ಅಲ್ವಾ ಅಕ್ಕ. ಯಾಕೆ?"

ಅವಳು ಎದ್ದು ನಿಂತಳು. ಇಡೀ ಡಬ್ಬಿಗೆ ಕೇಳುವಂತೆ ಹೇಳಿದಳು: "ಅಣ್ಣ, ನಾನು ನಿಮ್ಮನ್ನ ಆ ಊರಿಗೆ ಕಳಿಸ್ಲಿಲ್ಲ. ನಾನು ಆರಿಸಿದ್ದು ಕೃಷ್ಣರಾಜಪುರಾನ."

ಅಪ್ಪನಿಗೆ ಅರ್ಥವಾಗಲಿಲ್ಲ. ಪಾಪಕ್ಕ ಎಲ್ಲವನ್ನೂ ಹೇಳಿದಳು. ಹಳದಿ ದಾರ, ಹಿತ್ತಿಲ ಬಾವಿ, ತನ್ನ ನಾಲಗೆಯ ಜಂಬ. ನೇಕಾರರ ಬಾವಿಯ ಸಂಗತಿ ಬಂದಾಗ ಬೇಗಬೇಗ ಮುಗಿಸಿಬಿಡಲು ನೋಡಿದಳು. ನಾನು ಬಿಡದೆ ಪೂರ್ತಿ ಹೇಳಿದೆ. ಅಪ್ಪ ಮೊದಲು ಬೆರಗಾದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಲಸೂರಿಂದ ನಡೆದು ಬರಬಹುದಾದ ಊರಿನ ನೀರನ್ನು ನೆಚ್ಚಿ ಅಷ್ಟು ದೂರ ಹೋದೆವಲ್ಲ ಎಂದು ಎದುರಿಗೆ ಕುಳಿತವರಿಗೂ ಹೇಳಿ ನಗಿಸಿದರು. ಪಾಪಕ್ಕ ನಗಲಿಲ್ಲ. ಅಮ್ಮನೂ ನಗಲಿಲ್ಲ, ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಮುನಿಸ್ವಾಮಿ ತಪ್ಪೊಪ್ಪಿಕೊಂಡ. ಇಂಜಿನ್ನಿನ ಕಾವಿಗೆ ಗಂಟಲೊಣಗಿ ಹಳದಿ ದಾರದ ಬಾಟಲಿ ಕುಡಿಯಲು ಎತ್ತಿದ್ದನಂತೆ. ಬಾಯಿಗಿಟ್ಟ ಮೇಲೆ ಉಪ್ಪೆಂದು ಉಗಿದು, ಉಳಿದದ್ದರಲ್ಲಿ ಮುಖ ತೊಳೆದು, ಕೃಷ್ಣರಾಜಪುರದಲ್ಲಿ ನೆನಪಾಗಿ ತುಂಬಿಸಿಕೊಂಡಿದ್ದ. "ನೀರು ನೀರೇ ಅಲ್ವೇನಕ್ಕ" ಎಂದ. ಪಾಪಕ್ಕ ಮೂರು ತಿಂಗಳು ಅವನೊಡನೆ ಮಾತಾಡಲಿಲ್ಲ. ಮುದ್ದೆ ತಟ್ಟೆಯನ್ನು ಅವನ ಮುಂದೆ ಸದ್ದು ಬರುವಂತೆ ಇಟ್ಟು ಹೋಗುತ್ತಿದ್ದಳು.

ನಮ್ಮಪ್ಪ ಒಳ್ಳೆಯವರು, ಆದರೆ ಅವರ ಹೊಟ್ಟೆಯಲ್ಲಿ ಒಂದು ನಗೆಮಾತು ನಿಲ್ಲುತ್ತಿರಲಿಲ್ಲ. ವಾರದಲ್ಲಿ ಕಥೆ ಮಾರುಕಟ್ಟೆಯೆಲ್ಲ ತಿರುಗಿತು. ಯಾರಾದರೂ ಸಮುದ್ರದ ಮಾತೆತ್ತಿದರೆ, "ಯಾಕೆ ದೂರ, ಕೃಷ್ಣರಾಜಪುರಕ್ಕೆ ಹೋಗಿ, ಪಾಪಕ್ಕನ್ನ ಕೇಳಿ" ಎನ್ನುವರು. ಯಾರಲ್ಲೂ ಕೆಡುಕಿರಲಿಲ್ಲ. ಅವಳೂ ತುಟಿಯಂಚಿನಲ್ಲಿ ನಗುತ್ತಿದ್ದಳು. ಆದರೆ ಮತ್ತೆ ಒಲೆ ಹೂಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ದೊರೆಸಾನಿ ಕೇಳಿದ್ದಕ್ಕೆ, ನನ್ನ ನಾಲಗೆ ಕೆಟ್ಟಿದೆ, ನೀವೇ ಪುಸ್ತಕ ನೋಡಿ ಎಂದಳಂತೆ. ನಮ್ಮ ಮನೆಯಲ್ಲಿ ನೀರು ಕೊಟ್ಟರೂ ಗಟಗಟನೆ ಕುಡಿದು ಲೋಟ ಕೆಳಗಿಡುವಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಸ್ವಾತಂತ್ರ್ಯ ಬಂತು, ಬಂಗಲೆಯವರು ಹಡಗು ಹತ್ತಿದರು. ಮುನಿಸ್ವಾಮಿಗೆ ಪೋದನೂರಿಗೆ ವರ್ಗವಾಯಿತು. ಹೊರಡುವ ಮುನ್ನಾದಿನ ಪಾಪಕ್ಕ ಹೇಳಿಹೋಗಲು ಬಂದಳು. ಅಮ್ಮ ಅವಳನ್ನು ಒಳಮನೆಯಲ್ಲಿ ಮಣೆ ಹಾಕಿ ಕೂರಿಸಿ, ತಾನೇ ಬೇಯಿಸಿ ಬಡಿಸಿದಳು. ನಮ್ಮ ಮನೆಯಲ್ಲಿ ಅವಳು ಹಾಗೆ ಕುಳಿತು ಉಂಡದ್ದು ಅದೊಂದೇ ಸಲ. ಕೈ ತೊಳೆದು ಬಂದು ಅವಳು ಅಮ್ಮನ ಕೈ ಹಿಡಿದು ಹೇಳಿದಳು:

"ಅವತ್ತು ತಪ್ಪು ಊರಿಗೆ ಕರ್ಕೊಂಡೋಗ್ಬಿಟ್ಟೆ ಲಕ್ಷ್ಮಮ್ಮ. ದೇವ್ರು ದೊಡ್ಡೋನು, ನೀವು ಉಳ್ಕೊಂಡ್ರಿ. ಮನ್ಸಲ್ಲಿ ಇಟ್ಕೋಬ್ಯಾಡಿ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಆದರೆ "ಹೋಗಿ ಬಾ" ಎಂದಷ್ಟೇ ಅಂದಳು. ನಮ್ಮಮ್ಮ ಮೊದಲಿನಿಂದಲೂ ಮಾತಿನ ಬಡವಿ. ಪಾಪಕ್ಕ ಗಲ್ಲಿಯ ತಿರುವಿನಲ್ಲಿ ಹಿಂದಿರುಗಿ ನೋಡಿ, ಸೆರಗು ಸರಿಮಾಡಿಕೊಂಡು ಹೋದಳು. ಅದೇ ಕೊನೆ.

ಒಂದೂವರೆ ವರ್ಷದ ಮೇಲೆ ಮುನಿಸ್ವಾಮಿ ಯಾರಿಂದಲೋ ಬರೆಸಿದ ಕಾರ್ಡು ಬಂತು. ಪಾಪಕ್ಕ ತೀರಿಕೊಂಡಿದ್ದಳು. ನಾನು ಗಟ್ಟಿಯಾಗಿ ಓದಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಆ ಊರಿಗೆ ಹೋದ ಮೊದಲ್ನೇ ದಿನಾನೇ ನಂಗೆ ಗೊತ್ತಾಯ್ತು ಕಣೆ. ಬಾಯಿ ಮುಕ್ಕಳಿಸ್ದಾಗ್ಲೇ. ಉಪ್ಪು. ಆಮೇಲೆ ಬೆಳಿಗ್ಗೆ ಕಿಟಕೀಲಿ ನೋಡ್ದೆ, ಕೊಡ ಎತ್ಕೊಂಡು ಹೊರಟಿದ್ಲು. ಆ ಮರಳಲ್ಲಿ ಬರೀ ಕಾಲಲ್ಲಿ. ಬಿಸ್ಲೇರಿದ್ಮೇಲೆ ವಾಪಸ್ ಬಂದ್ಲು. ದಿನಾ ನೋಡ್ತಿದ್ದೆ. ನೀನು ತೋಪಿನ ಹತ್ರ ಕೊಡ ಅವಳ ಕೈಗೆ ಕೊಡ್ತಿದ್ದಿದ್ದೂ ಕಾಣ್ತಿತ್ತು."

ನಾನು ಕಾರ್ಡು ಕೆಳಗಿಟ್ಟು ಅವಳ ಹತ್ತಿರ ಸರಿದೆ.

"ನಂಗೆ ಆಗ ಊಟ ಬೇಕಿರ್ಲಿಲ್ಲ. ಮಗು ಹೋದ್ಮೇಲೆ ಬದುಕೋದೂ ಬೇಕಿರ್ಲಿಲ್ಲ. ಆದ್ರೆ ಅಷ್ಟು ವಯಸ್ನೋಳು ಅಷ್ಟು ದೂರದಿಂದ ಹೊತ್ತು ತಂದು ಬೇಯಿಸಿದ್ದನ್ನ ತಟ್ಟೇಲಿ ಹೇಗೆ ಬಿಡ್ಲಿ? ಅವಳು ಬಂದು ಕೂತು ಉಸಿರು ಬಿಟ್ಕೊಳ್ಳೋದು ನೋಡಿ, ಒಂದೊಂದೇ ತುತ್ತು ನುಂಗ್ದೆ. ಆ ಮನೆ ಬಾವೀಲಿ ಒಳ್ಳೇ ನೀರು ಇದ್ದಿದ್ರೆ ನಾನು ಉಣ್ತಾನೇ ಇರ್ಲಿಲ್ಲ ಸರೋಜಾ."

"ಅವಳಿಗೆ ಯಾಕಮ್ಮ ಹೇಳ್ಲಿಲ್ಲ?" ಎಂದೆ. ಸಿಟ್ಟು ಬಂದಿತ್ತು, ದನಿ ಏರಿತ್ತು. "ಕೊನೇವರೆಗೂ ತಪ್ಪು ಊರು ಆರಿಸ್ದೆ ಅಂತ್ಲೇ ಕೊರಗ್ತಿದ್ಲು."

ಅಮ್ಮ ಮೊರ ಎತ್ತಿಕೊಂಡಳು. ಅಕ್ಕಿಯ ಮೇಲೆ ಬೆರಳಾಡಿಸುತ್ತಾ, ನನ್ನ ಮುಖ ನೋಡದೆ, "ಹೇಳ್ಬೇಕಿತ್ತು" ಎಂದಳು.